ಕೂಸು ನೋಡಲು ಬರಬೇಡಿ, ದಯವಿಟ್ಟು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಈ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಕನ್ನಡ ಮೇಡಂ ಕೇಳಿದಾಗ ಜಿಎಸ್‌ಟಿ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಅರ್ಧ ಬರೆದೂ ಆಗಿತ್ತು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಆಗಬಾರದ್ದು ಆಯಿತು. ಇಪ್ಪತ್ತಾರು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಂದವಳಿಗೆ ಜಿಎಸ್‌ಟಿ ಬರೆಯಲು ಮನಸ್ಸಾಗಲಿಲ್ಲ. ಕಾಮರ್ಸ್ ಓದುವವಳಿಗೆ ಡಾಕ್ಟರ್ ವಿಷಯ ಯಾಕೆ ಎಂದು ಸೈನ್ಸ್ ಗೆಳತಿಯರು ನಗಬಹುದು. ನಗಲಿ. ತಪ್ಪು ಬರೆಯಬಾರದೆಂದು ಜೀವಶಾಸ್ತ್ರದ ಸರ್ ಹತ್ತಿರ ಎರಡು ಸಲ ತೋರಿಸಿದ್ದೇನೆ.

ಆಪಾಗೆ, ಅಂದರೆ ನನ್ನ ಅಕ್ಕನಿಗೆ, 31ನೇ ವಾರದಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ತೂಕ 1 ಕಿಲೋ 380 ಗ್ರಾಂ. ನಮ್ಮದು ಬ್ರಹ್ಮಗಿರಿ ಬೆಟ್ಟ ಕಾಣುವ ಊರು. ಅಬ್ಬಾ ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಸುದ್ದಿ ಕೇಳಿ ಅವರು ಮೊದಲು ಆಡಿದ ಮಾತು, "ಒಂದೂವರೆ ಕಿಲೋನೂ ಇಲ್ಲವಲ್ಲಾ!" 108 ಆಂಬುಲೆನ್ಸ್‌ನಲ್ಲಿ ಕೂಸನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದರು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ.

ಮೂರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಮೇಲಿನಿಂದ ಶಾಖ ಬರುವ ವಾರ್ಮರ್ ಎಂಬ ಮಂಚ. ಒಬ್ಬರು ಮಲಗಬೇಕಾದ ಅದರಲ್ಲಿ ಎರಡು ಕೂಸುಗಳಿದ್ದವು. ನಮ್ಮದು ಯಾವುದು ಎಂದು ಕಾಲಿಗೆ ಕಟ್ಟಿದ ಚೀಟಿ ಓದಿ ತಿಳಿದುಕೊಂಡೆ. ಅದರ ಬೆರಳು ನನ್ನ ಪೆನ್ನಿನ ರೀಫಿಲ್‌ನಷ್ಟು ದಪ್ಪ. ಒಂದು ಕೈಯಲ್ಲಿ ಫೋನ್ ಹಿಡಿದು ಫೋಟೋ ತೆಗೆಯುತ್ತಾ ಇನ್ನೊಂದು ಕೈಯಿಂದ ಅದರ ಕೆನ್ನೆ ಮುಟ್ಟಲು ಹೋದೆ. "ಏಯ್! ಕೈ ತೊಳ್ಕೊಂಡ್ಯಾ? ಫೋನ್ ಹೊರಗಿಡು!" ಎಂದು ಸಿಸ್ಟರ್ ಇಡೀ ವಾರ್ಡ್ ತಿರುಗಿ ನೋಡುವ ಹಾಗೆ ಕೂಗಿದರು.

ನಾನು ಅಳುತ್ತಾ ಹೊರಬಂದೆ. ಬುರ್ಖಾ ಹಾಕಿದವರು ಎಂದು ಹಾಗೆ ಬೈದರು ಎಂದು ಮನೆಯಲ್ಲಿ ಹೇಳಿದೆ. ಅಮ್ಮಿ ನಂಬಿದರು. ಆಮೇಲಿನ ದಿನಗಳಲ್ಲಿ ಅದೇ ಮೆಟ್ಟಿಲ ಮೇಲೆ ಕೂತು ನೋಡಿದೆ. ಆ ಸಿಸ್ಟರ್ ಒಬ್ಬ ಗೌಡರ ಮನೆಯ ಅಜ್ಜಿಗೂ ಹಾಗೇ ಬೈದರು, ಎಕ್ಸ್‌ರೇ ತೆಗೆಯಲು ಬಂದ ಹುಡುಗನಿಗೂ ಬೈದರು, ಒಂದು ಸಲ ಒಬ್ಬ ಡಾಕ್ಟರಿಗೂ ಬೈದರು. ನಾನು ಮನೆಯಲ್ಲಿ ಹೇಳಿದ್ದು ಸುಳ್ಳಾಗಿತ್ತು. ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಐದು ದಿನ ಕೂಸು ಚೆನ್ನಾಗಿತ್ತು. ಆರನೆಯ ದಿನ ಬೆಳಿಗ್ಗೆ ಹಾಲು ಅರಗಲಿಲ್ಲ. ಹೊಟ್ಟೆ ಉಬ್ಬಿತು. ಕಾಲು ತಣ್ಣಗಾಯಿತು. ಉಸಿರಾಡುತ್ತಾ ಆಡುತ್ತಾ ಮರೆತವರ ಹಾಗೆ ನಿಲ್ಲಿಸುತ್ತಿತ್ತು, ಸಿಸ್ಟರ್ ಅಂಗಾಲು ತಟ್ಟಿದ ಮೇಲೆ ಮತ್ತೆ ಶುರು. ನಮ್ಮ ನಾನಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬುಖಾರ್ ನೈ ನಾ? ಫಿರ್ ಕಾಯ್ಕು ಡರ್ನಾ?" ಜ್ವರ ಇಲ್ಲವಲ್ಲ, ಮತ್ತೆ ಯಾಕೆ ಹೆದರಬೇಕು? ನನಗೂ ಹಾಗೇ ಅನ್ನಿಸಿತ್ತು. ಡಾಕ್ಟರ್ ಹೇಳಿದರು, "ರಕ್ತದಲ್ಲಿ ಸೋಂಕು. ಸೆಪ್ಸಿಸ್. ಇಂಥ ಮಕ್ಕಳಿಗೆ ಜ್ವರ ಬರಲ್ಲಮ್ಮ, ತಣ್ಣಗಾಗ್ತವೆ."

ಈ ಲೇಖನದಿಂದ ಒಂದೇ ಒಂದು ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಅದು ಡಾಕ್ಟರ ಆ ಮಾತಾಗಲಿ. ಜ್ವರ ಬರಬೇಕಾದರೆ ದೇಹಕ್ಕೆ ಶಾಖ ಹುಟ್ಟಿಸುವ ಶಕ್ತಿ ಇರಬೇಕು. ತಿಂಗಳು ತುಂಬಿದ ಮಗುವಿಗೆ ಕುತ್ತಿಗೆ, ಬೆನ್ನಿನ ಹತ್ತಿರ ಕಂದು ಕೊಬ್ಬು ಇರುತ್ತದೆ, ಅದನ್ನು ಉರಿಸಿ ಬೆಚ್ಚಗಿರುತ್ತದೆ. ಬೇಗ ಹುಟ್ಟಿದ ಕೂಸಿಗೆ ಅದು ಸಾಕಷ್ಟಿಲ್ಲ. ಮಗುವಿನ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಕೆಳಗಿಳಿದರೆ, ಹಾಲು ಬಿಟ್ಟರೆ, ಸುಮ್ಮನೆ ಮಲಗಿದರೆ ಅದೇ ಅಪಾಯದ ಗಂಟೆ. "ಎಷ್ಟು ಒಳ್ಳೆ ಕೂಸು, ಅಳೋದೇ ಇಲ್ಲ" ಎಂದು ನಾವು ಹೊಗಳುವ ಕೂಸು ಅಳಲು ಶಕ್ತಿಯಿಲ್ಲದೆ ಮಲಗಿರಬಹುದು.

ಯಾಕೆ ಹೀಗೆ ಎಂದು ನಾನು ಸರ್ ಹತ್ತಿರ ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾಗುವ ಲೆಕ್ಕದ ಭಾಷೆಯಲ್ಲಿ ಬರೆದುಕೊಂಡೆ. ಯಾವುದೇ ಖಾತೆಗೆ ಆರಂಭಿಕ ಶಿಲ್ಕು ಇರುತ್ತದಲ್ಲ, ಹಾಗೆ ಮಗು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿ ಕೊಟ್ಟ ಪ್ರತಿಕಾಯಗಳ ಶಿಲ್ಕು ಇರುತ್ತದೆ. ಐಜಿಜಿ ಎಂಬ ಈ ಪ್ರತಿಕಾಯ ಮಾಸಿನ ಮೂಲಕ ದಾಟಿ ಬರುತ್ತದೆ. ತಾಯಿ ಜೀವನವಿಡೀ ಎದುರಿಸಿದ ರೋಗಗಳ ನೆನಪು ಅದು. ಹೆಚ್ಚಿನ ಪಾಲು ವರ್ಗವಾಗುವುದು ಕೊನೆಯ ಕೆಲವು ವಾರಗಳಲ್ಲಿ. 28ರಿಂದ 32ನೇ ವಾರದ ಹೊತ್ತಿಗೆ ಮಗುವಿನ ಹತ್ತಿರ ಇರುವುದು ತಾಯಿಯ ಮಟ್ಟದ ಸುಮಾರು ಅರ್ಧ ಮಾತ್ರ. ತಿಂಗಳು ತುಂಬಿ ಹುಟ್ಟಿದರೆ ತಾಯಿಯಷ್ಟೇ, ಕೆಲವೊಮ್ಮೆ ತಾಯಿಗಿಂತ ಹೆಚ್ಚು. ನಮ್ಮ ಕೂಸು 31ನೇ ವಾರಕ್ಕೇ ಬಂದುಬಿಟ್ಟಿತು. ಕೊನೆಯ ಕಂತು ಜಮಾ ಆಗುವ ಮೊದಲೇ ಖಾತೆ ತೆರೆದ ಹಾಗೆ.

ಕೊರತೆ ಅಷ್ಟಕ್ಕೇ ಮುಗಿಯುವುದಿಲ್ಲ. ರೋಗಾಣುವನ್ನು ನುಂಗುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ದಾಸ್ತಾನು ಅಸ್ಥಿಮಜ್ಜೆಯಲ್ಲಿ ಕಡಿಮೆ. ದೊಡ್ಡ ಸೋಂಕು ಬಂದರೆ ಬೇಗ ಖಾಲಿಯಾಗುತ್ತದೆ. ಇರುವ ಕಣಗಳೂ ರಕ್ತನಾಳದ ಗೋಡೆಗೆ ಅಂಟಿ ಹೊರಗೆ ದಾಟಿ ಸೋಂಕಿನ ಜಾಗ ತಲುಪುವುದರಲ್ಲಿ ನಿಧಾನ. ರೋಗಾಣುವಿಗೆ ಗುರುತು ಹಚ್ಚುವ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಕಡಿಮೆ. ಚರ್ಮ ತೆಳು. ಅದರ ಮೇಲೆ ಕೈಗೆ ಸೂಜಿ, ಮೂಗಿಗೆ ನಳಿಕೆ. ಉಳಿಸಲು ಹಾಕಿದ ಸೂಜಿಯೇ ರೋಗಾಣುವಿಗೆ ಬಾಗಿಲು.

ನನಗೆ ಆಗ ಹೊಳೆದದ್ದು ಸರಳ ಉಪಾಯ. ಶಿಲ್ಕು ಕಡಿಮೆಯಿದ್ದರೆ ಜಮಾ ಮಾಡಿದರಾಯಿತಲ್ಲ? ದಾನಿಗಳ ರಕ್ತದಿಂದ ಪ್ರತಿಕಾಯ ತೆಗೆದು ಕೂಸಿಗೆ ಕೊಡಲಿ! ಜಗತ್ತಿನ ಡಾಕ್ಟರುಗಳಿಗೂ ಇದೇ ಹೊಳೆದಿತ್ತಂತೆ. ಐಎನ್‌ಐಎಸ್ ಎಂಬ ಅಧ್ಯಯನದಲ್ಲಿ 9 ದೇಶಗಳ 3,493 ಕೂಸುಗಳಲ್ಲಿ ಕೆಲವಕ್ಕೆ ಪ್ರತಿಕಾಯ, ಕೆಲವಕ್ಕೆ ಬರೀ ನೀರಿನಂಥ ದ್ರವ ಕೊಟ್ಟು ಎರಡು ವರ್ಷ ನೋಡಿದರು. 2011ರಲ್ಲಿ ಫಲಿತಾಂಶ ಬಂತು. ಸಾವಿನಲ್ಲೂ ಅಂಗವೈಕಲ್ಯದಲ್ಲೂ ಎರಡು ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ. ನನ್ನ ಲೆಕ್ಕ ತಪ್ಪಾಯಿತು. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಈ ಲೇಖನದ ಉದ್ದಕ್ಕೂ ಖಾತೆ, ಶಿಲ್ಕು ಎಂದೇ ಬರೆಯುತ್ತಿದ್ದೆ.

ಯಾಕೆ ತಪ್ಪು ಎಂದರೆ, ಇದು ಬರೀ ಕಡಿಮೆಯ ಪ್ರಶ್ನೆಯಲ್ಲ. ಹೊಟ್ಟೆಯೊಳಗಿನ ಕೂಸು ತಾಯಿಯ ದೇಹದ ಜೊತೆ ಜಗಳವಾಡಬಾರದು, ಅಲ್ಲಿ ಸುಮ್ಮನಿರುವುದೇ ಅದರ ಧರ್ಮ. ಅದಕ್ಕಾಗಿಯೇ ಅದರ ರೋಗನಿರೋಧಕ ವ್ಯವಸ್ಥೆಯನ್ನು ತಾಳ್ಮೆಗೆ ತಕ್ಕ ಹಾಗೆ ಇಟ್ಟಿರುತ್ತದೆ. ಬೇಗ ಹೊರಬಂದ ಕೂಸು ಇನ್ನೂ ಅದೇ ತಾಳ್ಮೆಯಲ್ಲಿರುತ್ತದೆ. ಮೊದಲು ರೋಗಾಣುವನ್ನು ತಡೆಯುವುದಿಲ್ಲ. ರೋಗಾಣು ರಕ್ತಕ್ಕೆ ಇಳಿದ ಮೇಲೆ ಒಮ್ಮೆಲೇ ಉರಿಯೂತದ ರಾಸಾಯನಿಕಗಳು ಎದ್ದು ಎಲ್ಲಾ ಕಡೆ ಹರಡಬಹುದು. ಆಗ ರಕ್ತದೊತ್ತಡ ಬೀಳುತ್ತದೆ, ಇನ್ನೂ ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾಗುತ್ತದೆ. ಸೋಂಕು ಗೆದ್ದು ಮನೆಗೆ ಬಂದ ಮಕ್ಕಳಲ್ಲಿ ಕೆಲವರು ತಡವಾಗಿ ನಡೆಯುವುದು, ಕೈಕಾಲು ಬಿಗಿಯಾಗುವುದು ಇದರಿಂದಲೂ ಆಗಬಹುದಂತೆ. ಒಂದೇ ಕೂಸಿನೊಳಗೆ ಕಾವಲು ಕಡಿಮೆ, ಬೆಂಕಿ ಜಾಸ್ತಿ. ಹೀಗಿದ್ದಾಗ ಹೊರಗಿನಿಂದ ಸೈನಿಕರನ್ನು ತುಂಬಿದರೆ ಸಾಲದು.

ಆಂಟಿಬಯೋಟಿಕ್ ಇದೆಯಲ್ಲ ಎನ್ನಬಹುದು. ನಮ್ಮ ಕೂಸಿಗೆ ಮೊದಲು ಕೊಟ್ಟದ್ದು ನಾಟಲಿಲ್ಲ. ರಕ್ತವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿ ಬರಲು ಎರಡು ದಿನ ಬೇಕು. ಆ ಎರಡು ದಿನ ಡಾಕ್ಟರ್ ಅಂದಾಜಿನ ಮೇಲೆ ಔಷಧಿ ಕೊಡಬೇಕು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ದಾಖಲಾದ 13,530 ನವಜಾತ ಶಿಶುಗಳನ್ನು ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಗಿದೆ. ನೂರಕ್ಕೆ 14 ಮಕ್ಕಳಿಗೆ ಸೆಪ್ಸಿಸ್. ಸತ್ತವರಲ್ಲಿ ಸುಮಾರು ಕಾಲು ಭಾಗ ಅದರಿಂದಲೇ. ಹೆಚ್ಚಾಗಿ ಸಿಕ್ಕ ರೋಗಾಣುಗಳು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಈ ಕೋಲೈ. ಅಸಿನೆಟೋಬ್ಯಾಕ್ಟರ್‌ಗಳಲ್ಲಿ ನೂರಕ್ಕೆ 82 ಹಲವು ಔಷಧಿಗಳಿಗೆ ಬಗ್ಗದವು. ಇದು ದೆಹಲಿಯ ಲೆಕ್ಕ, ನಮ್ಮ ಜಿಲ್ಲೆಯದಲ್ಲ. ಆದರೆ ನೆಗಡಿಗೆಲ್ಲ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿ, ವಾಸಿಯಾಯಿತೆಂದು ಮೂರನೆಯದನ್ನು ಕಿಟಕಿಯಲ್ಲಿಡುವವರು ನಮ್ಮ ಓಣಿಯಲ್ಲಿ ಎಷ್ಟು ಜನ ಇಲ್ಲ?

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಔಷಧಿ ಸೋಲುವ ಕಡೆ, ಪ್ರತಿಕಾಯ ಸೋಲುವ ಕಡೆ, ಉಳಿಯುವುದು ರೋಗಾಣು ಕೂಸನ್ನು ಮುಟ್ಟದ ಹಾಗೆ ನೋಡಿಕೊಳ್ಳುವುದು. ಅಲ್ಲಿ ಡಾಕ್ಟರಿಗಿಂತ ದೊಡ್ಡ ಪಾತ್ರ ನಮ್ಮದು. ನಾವು ಅದನ್ನು ಬಹಳ ಕೆಟ್ಟದಾಗಿ ಮಾಡುತ್ತಿದ್ದೇವೆ.

ಕೂಸು ಹುಟ್ಟಿದ ಮನೆಗೆ ಹೋಗದಿದ್ದರೆ ನಮ್ಮಲ್ಲಿ ಅವಮಾನ. ಹೋದವರು ಬರೀ ನೋಡಿ ಬರುವುದಿಲ್ಲ. ಎತ್ತಿಕೊಳ್ಳುತ್ತಾರೆ, ಮುತ್ತು ಕೊಡುತ್ತಾರೆ, ಮುಷ್ಟಿ ಬಿಡಿಸಿ ಐವತ್ತರ ನೋಟು ಇಡುತ್ತಾರೆ. ನೋಟು ಎಷ್ಟು ಕೈ ದಾಟಿ ಬಂದಿದೆ ಎಂದು ಕಾಮರ್ಸಿನವಳಾಗಿ ನಾನು ಹೇಳಬೇಕೆ? ಛಟ್ಟಿಗೆ ಒಂದು ಗುಂಪು, ಅಖೀಖಾಗೆ ಒಂದು ಗುಂಪು, ಚಿಲ್ಲಾ ಮುಗಿದ ಮೇಲೆ ಇನ್ನೊಂದು ಗುಂಪು. ನಮ್ಮ ಹಿಂದೂ ಗೆಳತಿಯರ ಮನೆಯಲ್ಲಿ ತೊಟ್ಟಿಲು ಶಾಸ್ತ್ರಕ್ಕೂ ಇದೇ ಸಂತೆ. ತಿಂಗಳು ತುಂಬಿದ ಗಟ್ಟಿ ಕೂಸು ಇದನ್ನೆಲ್ಲ ತಡೆದುಕೊಂಡೀತು. 1 ಕಿಲೋ 380 ಗ್ರಾಮಿನದು ತಡೆಯಲಾರದು.

ಇನ್ನು ಜೇನುತುಪ್ಪ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಭಯವಿದೆ, ಆದರೂ ಬರೆಯುತ್ತೇನೆ. ತಹನೀಕ್ ಸುನ್ನತ್. ಹಿರಿಯರು ಖರ್ಜೂರ ಅಗಿದು ಕೂಸಿನ ಬಾಯಿಗೆ ಸವರಿ ದುವಾ ಮಾಡುತ್ತಾರೆ. ನಮ್ಮ ಕಡೆ ಖರ್ಜೂರದ ಬದಲು ಜೇನು, ಜೊತೆಗೆ ಘುಟ್ಟಿ. ಕೂಸು ಆಸ್ಪತ್ರೆಯಲ್ಲಿದ್ದಾಗಲೇ ಆಪಾಳ ಮಾವ ಜೇನಿನ ಬಾಟಲಿ ಹಿಡಿದು ಬಂದರು. ನಾಲಿಗೆಗೆ ಒಂದು ಹನಿ, ಅಷ್ಟೇ, ಎಂದು ಸಿಸ್ಟರ್ ಹತ್ತಿರ ಬೇಡಿಕೊಂಡರು. ಅವರದು ಪ್ರೀತಿಯೇ, ನನಗೆ ಅನುಮಾನವಿಲ್ಲ. ಆದರೆ ಜೇನಿನಲ್ಲಿ ಬಾಟುಲಿಸಂ ತರುವ ಬೀಜಾಣು ಇರಬಹುದೆಂದು ಒಂದು ವರ್ಷ ತುಂಬದ ಯಾವ ಮಗುವಿಗೂ ಕೊಡಬಾರದು ಎನ್ನುತ್ತಾರೆ. ದೊಡ್ಡವರ ಬಾಯಿಯ ಎಂಜಲಿನಲ್ಲಿರುವ ರೋಗಾಣು ಈ ಕೂಸಿನ ಕರುಳಿಗೆ ಭಾರ. ಅಬ್ಬಾ ನಮ್ಮ ಮಸೀದಿಯ ಹಜ್ರತ್ ಅವರನ್ನು ಕೇಳಿದರು. ಅವರು ಹೇಳಿದ್ದಿಷ್ಟು: ತಹನೀಕ್ ಫರ್ಜ್ ಅಲ್ಲ, ಜೀವ ಉಳಿಸುವುದು ಮೊದಲು, ಡಾಕ್ಟರ್ ಹೇಳಿದ ಮೇಲೆ ಮಾಡಬಹುದು, ಅಜಾನ್ ಹೇಳಲು ಕೂಸನ್ನು ಮುಟ್ಟಬೇಕಾಗಿಲ್ಲ. ದೂಲಾಭಾಯಿ ಕೈ ತೊಳೆದು ವಾರ್ಮರ್ ಪಕ್ಕ ನಿಂತು ಮೆಲ್ಲಗೆ ಅಜಾನ್ ಹೇಳಿದರು. ಪಕ್ಕದ ಕೂಸಿನ ತಾಯಿ, ಪಾವಗಡ ಕಡೆಯ ತೆಲುಗು ಹೆಂಗಸು, ಮುಗಿಯುವ ತನಕ ಸೆರಗು ತಲೆಗೆ ಹೊದ್ದು ನಿಂತಿದ್ದರು.

ಹಜ್ರತ್ ಅವರು ಅಬ್ಬಾಗೆ ಹೇಳಿದ್ದನ್ನು ಒಂದು ಶುಕ್ರವಾರ ಎಲ್ಲರಿಗೂ ಹೇಳಲಿ ಎಂಬುದು ನನ್ನ ವಿನಂತಿ. ನಾನು ಹೇಳಿದರೆ ಯಾರು ಕೇಳುತ್ತಾರೆ?

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಆಪಾಳ ವಿಷಯದಲ್ಲಿ. ಬಾಣಂತಿ ಚಿಲ್ಲಾ ಮುಗಿಯುವ ತನಕ ಹೊಸಿಲು ದಾಟಬಾರದು, ಬಸ್ಸಿನಲ್ಲಿ ಗಾಳಿ ಹೊಡೆದರೆ ಸರ್ದಿ ಎಂದು ನಾನಿ ಹಠ. ಆಪಾ ಊರಿನಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸು ಆಸ್ಪತ್ರೆಯಲ್ಲಿ ಒಂಟಿ. ಆಪಾಳ ಹಾಲು ಗೋಡೆಗೆ ಹಿಂಡಿ ಹೋಗುತ್ತಿತ್ತು. ಮೊದಲ ಎರಡು ಮೂರು ದಿನ ಬರುವ ಹಳದಿ ಹಾಲು ಕೆಟ್ಟದ್ದು ಎಂದು ಈಗಲೂ ನಂಬುವ ಮನೆಗಳಿವೆ, ನಮ್ಮದೂ ಒಂದು. ಆ ಹಾಲಿನಲ್ಲಿ ಕರುಳಿನ ಗೋಡೆಗೆ ಹಚ್ಚಿ ರೋಗಾಣು ಒಳಗಿಳಿಯದಂತೆ ತಡೆಯುವ ಐಜಿಎ ಪ್ರತಿಕಾಯ, ಲ್ಯಾಕ್ಟೋಫೆರಿನ್, ಜೀವಂತ ಬಿಳಿ ರಕ್ತಕಣ ಎಲ್ಲವೂ ಇದೆ. ಮಾಸಿನ ಮೂಲಕ ಬರಬೇಕಾದ್ದು ತಪ್ಪಿಹೋದ ಕೂಸಿಗೆ ತಾಯಿಯಿಂದ ಬರುವ ಎರಡನೇ ದಾರಿ ಅದೊಂದೇ. ಇನ್ನೂ ಆಶ್ಚರ್ಯದ ಸಂಗತಿ: ತಾಯಿ ಕೂಸಿನ ಹತ್ತಿರವೇ ಇದ್ದರೆ ಆ ವಾರ್ಡಿನ ರೋಗಾಣುಗಳು ಅವಳಿಗೂ ತಗಲುತ್ತವೆ, ಅವಳ ದೇಹ ಅವಕ್ಕೆ ತಕ್ಕ ಪ್ರತಿಕಾಯ ತಯಾರಿಸಿ ಹಾಲಿನಲ್ಲಿ ಕಳಿಸುತ್ತದೆ. ಊರಿನಲ್ಲಿ ಕೂತ ತಾಯಿಯ ಹಾಲಿಗೆ ಆಸ್ಪತ್ರೆಯ ರೋಗಾಣುವಿನ ಪರಿಚಯ ಎಲ್ಲಿಂದ ಬರಬೇಕು? ಅಳೆದು ತೂಗಿ ಯಾರೂ ಮಾಡಲಾರದ ಔಷಧಿಯನ್ನು ನಾವು ಗೋಡೆಗೆ ಹಿಂಡುತ್ತಿದ್ದೆವು.

ಕಾಂಗರೂ ಆರೈಕೆ ಎಂಬುದನ್ನು ಕೇಳಿರಬಹುದು. ಕೂಸನ್ನು ಬಟ್ಟೆಯಿಲ್ಲದೆ ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಗಂಟೆಗಟ್ಟಲೆ ಇಟ್ಟುಕೊಳ್ಳುವುದು. 1970ರ ದಶಕದ ಕೊನೆಗೆ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಶುರುವಾಯಿತು. ಅಲ್ಲಿಯೂ ನಮ್ಮ ಹಾಗೇ, ಒಂದು ಇನ್‌ಕ್ಯುಬೇಟರ್‌ನಲ್ಲಿ ಎರಡು ಮೂರು ಕೂಸು, ಒಂದರ ಸೋಂಕು ಇನ್ನೊಂದಕ್ಕೆ. ಯಂತ್ರ ಸಾಲದೆ ತಾಯಂದಿರ ಎದೆಗೇ ಕೊಟ್ಟರು. ಬಡವರ ಉಪಾಯ ಎಂದು ಎಷ್ಟೋ ವರ್ಷ ಕಡೆಗಣಿಸಿದವರು ಇದ್ದರು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಕಡಿಮೆ ತೂಕದ ಕೂಸುಗಳ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಸಿಕ್ಕವರಲ್ಲಿ 28 ದಿನದೊಳಗೆ ಸತ್ತವರು ನೂರಕ್ಕೆ 12, ಮೊದಲು ವಾರ್ಮರಿನಲ್ಲಿಟ್ಟು ಆಮೇಲೆ ಕೊಟ್ಟವರಲ್ಲಿ 15.7. ಸೆಪ್ಸಿಸ್ ಸಂಶಯವೂ ಕಡಿಮೆ. ಲಾಭ ಎಷ್ಟು ಸ್ಪಷ್ಟವಿತ್ತೆಂದರೆ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಪ್ರತಿಕಾಯದ ಬಾಟಲಿ ಮಾಡಲಾಗದ್ದನ್ನು ಎದೆಯ ಚರ್ಮ ಮಾಡಿತು. ಬೆಚ್ಚಗಿಡುತ್ತದೆ, ಹಾಲು ಹೆಚ್ಚಿಸುತ್ತದೆ, ಆಸ್ಪತ್ರೆಯ ರೋಗಾಣುವಿಗಿಂತ ಮೊದಲು ತಾಯಿಯ ಮೈಯ ಒಳ್ಳೆಯ ಬ್ಯಾಕ್ಟೀರಿಯಾ ಕೂಸಿನ ಚರ್ಮಕ್ಕೆ ಬಂದು ಕೂರುತ್ತದೆ.

ದೂರದ ಮಾತೇಕೆ, ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟೂ ಸರ್ಕಾರದ ಜೊತೆ ಸೇರಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇದನ್ನು ಜಿಲ್ಲೆಯುದ್ದಕ್ಕೂ ಮಾಡಿ ತೋರಿಸಿದ್ದಾರೆ. ಆಸ್ಪತ್ರೆಯಲ್ಲಿ ಕಲಿಸಿ, ಮನೆಗೆ ಹೋದ ಮೇಲೂ ಆಶಾ ಕಾರ್ಯಕರ್ತೆಯರು ಮುಂದುವರಿಸುವಂತೆ ನೋಡಿಕೊಂಡರು. ಕೊಪ್ಪಳ ನಮಗಿಂತ ಶ್ರೀಮಂತ ಜಿಲ್ಲೆಯೇನಲ್ಲ. ಅಲ್ಲಿನ ಬಿಸಿಲೂ ಇಲ್ಲಿನದೇ. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಬಾರದು?

ಈ ಕೆಲಸವನ್ನು ತಂದೆಯೂ ಮಾಡಬಹುದು. ಗಂಡಸರು ಅಂಗಿ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಂಡು ಕೂರುವುದು ನಮ್ಮ ಕಡೆ ನಗೆಪಾಟಲು. ದೂಲಾಭಾಯಿ ಮೊದಲ ದಿನ ನಾಚಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಮೂರನೆಯ ದಿನ ಬೇರೆ ಅಪ್ಪಂದಿರಿಗೆ ಗಂಟು ಹಾಕುವುದು ಹೇಗೆಂದು ಹೇಳಿಕೊಡುತ್ತಿದ್ದರು. ಅವರು ಲಾರಿ ಕ್ಲೀನರ್, ಹಗ್ಗ ಬಿಗಿಯುವುದರಲ್ಲಿ ಪಳಗಿದವರು.

ಆದರೆ ಅದಕ್ಕೆ ಮೊದಲು ಆಪಾ ಬರಬೇಕಿತ್ತಲ್ಲ. ಒಂಬತ್ತನೆಯ ದಿನ ನಾನು ಊರಿಗೆ ಹೋಗಿ ನಾನಿಯ ಜೊತೆ ಜೋರಾಗಿ ಮಾತಾಡಿದೆ. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮಕ್ಕಳು ಗಟ್ಟಿ ಇರುತ್ತಿದ್ದವು" ಎಂದರು. ನನಗೆ ಹಿಂದಿನ ವರ್ಷ ಇತಿಹಾಸದ ಸರ್ ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದದ್ದು ನೆನಪಾಯಿತು. ಎಲ್ಲರೂ ಅಶೋಕನ ಶಾಸನದ ಬಂಡೆ ನೋಡಿ ಫೋಟೋ ತೆಗೆದುಕೊಂಡು ಬಂದೆವು. ಸರ್ ಇನ್ನೊಂದು ಸಂಗತಿ ಹೇಳಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ, ಅಶೋಕನಿಗಿಂತ ಎಷ್ಟೋ ಹಿಂದಿನ, ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ಪದರದಲ್ಲಿ ಮಡಕೆಗಳು ಸಿಕ್ಕವು. ಒಳಗೆ ಎಳೆಯ ಮಕ್ಕಳ ಎಲುಬು. ದೊಡ್ಡವರನ್ನು ಗುಂಡಿಯಲ್ಲಿ ಮಲಗಿಸಿದ ಆ ಜನ ಕೂಸುಗಳನ್ನು ಮಡಕೆಯಲ್ಲಿಟ್ಟು ತಾವು ವಾಸಿಸುವ ಜಾಗದಲ್ಲೇ ಹೂತಿದ್ದರು. ಅದನ್ನು ನಾನಿಗೆ ಹೇಳಿದೆ. "ನಾನಿ, ಹಳೆ ಕಾಲದಲ್ಲಿ ಮಕ್ಕಳು ಗಟ್ಟಿ ಇದ್ದಿದ್ದರೆ ಅಷ್ಟು ಮಡಕೆ ಯಾಕೆ ಬೇಕಾಗಿತ್ತು?"

ನಾನಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವು ಹೆತ್ತದ್ದು ಎಂಟು, ಉಳಿದದ್ದು ಐದು ಎಂದರು. ಐದು ನಮಗೆ ಗೊತ್ತಿತ್ತು. ಎಂಟು ಎಂದು ಅಮ್ಮಿಗೂ ಗೊತ್ತಿರಲಿಲ್ಲ. "ಅದರಲ್ಲಿ ಎರಡು ಇಷ್ಟೇ ಸಣ್ಣ ಇದ್ದವು" ಎಂದು ಕೈಯಳತೆ ತೋರಿಸಿದರು. "ಅವಕ್ಕೂ ಜ್ವರ ಇರಲಿಲ್ಲ."

ಮಾರನೆಯ ದಿನ ಬೆಳಿಗ್ಗೆ ನಾನಿಯೇ ಆಪಾಗೆ ಸ್ವೆಟರ್ ಹಾಕಿ, ಕಿವಿಗೆ ಹತ್ತಿ ಇಟ್ಟು, ಆಟೋ ಹತ್ತಿಸಿದರು.

ಹಾಲಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ. ತಾಯಿಗೆ ಹಾಲು ಬಾರದಿದ್ದರೆ ಬೇರೆ ತಾಯಂದಿರು ದಾನ ಕೊಟ್ಟ ಹಾಲು ಕೊಡುವ ಬ್ಯಾಂಕುಗಳಿವೆ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಒಂದಿದೆ. ನಮ್ಮಲ್ಲಿ ಇದು ಸುಲಭದ ಪ್ರಶ್ನೆಯಲ್ಲ. ಒಬ್ಬಳ ಹಾಲು ಕುಡಿದವರು ಒಡಹುಟ್ಟಿದವರಾಗುತ್ತಾರೆ, ಅವರ ನಡುವೆ ನಿಕಾಹ್ ಇಲ್ಲ. ಯಾರ ಹಾಲು ಯಾರಿಗೆ ಹೋಯಿತೆಂದು ಗೊತ್ತಾಗದಿದ್ದರೆ? 1985ರಲ್ಲಿ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಹಾಲಿನ ಬ್ಯಾಂಕ್ ಬೇಡ ಎಂದಿತು. 2004ರಲ್ಲಿ ಯುರೋಪಿನ ಫತ್ವಾ ಮಂಡಳಿ ಅಗತ್ಯವಿರುವ ಕೂಸಿಗೆ ಪಡೆಯಬಹುದು ಎಂದಿತು. ಕರಾಚಿಯಲ್ಲಿ 2024ರಲ್ಲಿ ಶುರುವಾದ ಬ್ಯಾಂಕು ಮೊದಲು ಸಿಕ್ಕ ಒಪ್ಪಿಗೆ ಹಿಂದಕ್ಕೆ ಹೋದದ್ದರಿಂದ ನಿಂತಿತು. ತೀರ್ಪು ಹೇಳುವಷ್ಟು ಓದಿದವಳು ನಾನಲ್ಲ. ಆದರೆ ಲೆಕ್ಕ ಬರೆಯುವವರ ಮಗಳಾಗಿ ನನಗೆ ಅನ್ನಿಸುವುದು, ಯಾರು ಕೊಟ್ಟರು, ಯಾರು ಪಡೆದರು ಎಂದು ಎರಡೂ ಮನೆಗೆ ತಿಳಿಯುವಂತೆ ಒಂದು ರಿಜಿಸ್ಟರ್ ಇಟ್ಟರೆ ಅರ್ಧ ಸಮಸ್ಯೆ ಕಡಿಮೆಯಾದೀತು. ಕೂಸು ವಾರ್ಮರಿನಲ್ಲಿ ಮಲಗಿರುವಾಗ ಈ ಚರ್ಚೆಗೆ ಸಮಯವಿರುವುದಿಲ್ಲ. ನಮ್ಮ ಆಲಿಮರು ಮೊದಲೇ ಮಾತಾಡಿಟ್ಟರೆ ಒಳ್ಳೆಯದು.

ಎಲ್ಲಾ ತಪ್ಪನ್ನೂ ಮನೆಯವರ ಮೇಲೆ ಹಾಕಿ ಮುಗಿಸಿದರೆ ಅನ್ಯಾಯವಾಗುತ್ತದೆ. ಎರಡು ಕೂಸಿಗೆ ಒಂದು ವಾರ್ಮರ್ ಇಟ್ಟದ್ದು ನಮ್ಮ ನಾನಿಯಲ್ಲ. ನಾವಿದ್ದ ಕಡೆ ಕೈ ತೊಳೆಯುವ ನಲ್ಲಿ ಒಂದೇ. ಎರಡು ದಿನ ಅದರಲ್ಲೂ ನೀರು ಬರಲಿಲ್ಲ, ಸಿಸ್ಟರ್ ಬಕೆಟ್ಟಿನಲ್ಲಿ ತರಿಸಿದರು. ರಾತ್ರಿ ಪಾಳಿಗೆ ಹದಿನೈದು ಹದಿನಾರು ಕೂಸುಗಳಿಗೆ ಇಬ್ಬರು ಸಿಸ್ಟರ್. ಅವರು ಕೂಗದೆ ಏನು ಮಾಡುತ್ತಾರೆ? ಸರ್ಕಾರ ದೊಡ್ಡ ಯಂತ್ರದ ಉದ್ಘಾಟನೆಗೆ ಮೊದಲು ನಲ್ಲಿ, ಸಾಬೂನು ಮತ್ತು ಸಿಸ್ಟರುಗಳ ಲೆಕ್ಕ ಸರಿಮಾಡಲಿ.

ದುಡ್ಡಿನ ಬಗ್ಗೆಯೂ ಹೇಳಬೇಕು. ಗಾಬರಿಯಲ್ಲಿ ದೂಲಾಭಾಯಿ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ವಿಚಾರಿಸಿ ಬಂದಿದ್ದರು. ದಿನಕ್ಕೆ ಹನ್ನೆರಡು ಸಾವಿರ. ಇಪ್ಪತ್ತಾರು ದಿನಕ್ಕೆ ಗುಣಿಸಿ ನೋಡಿ: 3,12,000. ಆಪಾಳ ಸರ ಅಡವಿಡಲು ತೆಗೆದೂ ಇಟ್ಟಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಶಿಶುವಿಗೆ ಚಿಕಿತ್ಸೆ, ಔಷಧಿ, ಓಡಾಟದ ಗಾಡಿ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಉಚಿತ ಎಂದು ಹೇಳಿದವರು ನಮ್ಮ ಊರಿನ ಆಶಾ ಕಾರ್ಯಕರ್ತೆ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಅವರು ಮನೆಗೆ ಬಂದು ಕೂಸಿನ ತೂಕ, ಶಾಖ ನೋಡಬೇಕು. ನಾವು ಅವರನ್ನು ಪೋಲಿಯೋ ಹನಿಯವರು ಎಂದಷ್ಟೇ ತಿಳಿದಿದ್ದೆವು. ಒಂದು ಲೋಟ ಚಹಾ ಕೂಡ ಕೇಳಿರಲಿಲ್ಲ.

ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕ ಪ್ರತಿ ವರ್ಷ ಕ್ಯಾಂಪಿನಲ್ಲಿ ಗಿಡ ನೆಡುತ್ತದೆ. ಈ ವರ್ಷ ಗಿಡದ ಜೊತೆ ಒಂದು ಕೆಲಸ ಸೇರಿಸಿಕೊಳ್ಳಲಿ: ಉರ್ದು, ಕನ್ನಡ, ತೆಲುಗು ಮೂರರಲ್ಲೂ ಒಂದು ಚೀಟಿ ಮಾಡಿ ಮನೆಮನೆಗೆ ಕೊಡುವುದು. ಕೂಸು ತಣ್ಣಗಾದರೆ, ಹಾಲು ಬಿಟ್ಟರೆ, ಉಸಿರು ತಪ್ಪಿದರೆ, ಹೊಟ್ಟೆ ಉಬ್ಬಿದರೆ ಬೆಳಗಾಗುವ ತನಕ ಕಾಯಬೇಡಿ ಎಂದು. ಉರ್ದು ಬರೆಯಲು ನಾನು ತಯಾರು. ತೆಲುಗಿಗೆ ಯಾರಾದರೂ ಕೈ ಎತ್ತಿ.

ಆ ಪಾವಗಡ ಕಡೆಯವರ ಕೂಸು ಹದಿಮೂರನೆಯ ದಿನ ಹೋಗಿಬಿಟ್ಟಿತು. ನಮ್ಮದಕ್ಕೂ ಅದಕ್ಕೂ ಒಂದೇ ವಾರ್ಮರ್, ಅದರ ತೂಕ ನಮ್ಮದಕ್ಕಿಂತ ನೂರು ಗ್ರಾಂ ಹೆಚ್ಚೇ ಇತ್ತು. ನಮ್ಮದು ಯಾಕೆ ಉಳಿಯಿತು, ಅದು ಯಾಕೆ ಉಳಿಯಲಿಲ್ಲ ಎಂದು ಡಾಕ್ಟರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ನನ್ನ ತಲೆ 쓸... ಮೇಲೆ ಕೈಯಿಟ್ಟು ಮುಂದೆ ಹೋದರು.

ಈಗ ಕೂಸು ಮನೆಯಲ್ಲಿದೆ. ಕಳೆದ ವಾರ ಆಶಾ ಅಕ್ಕ ತೂಗಿದಾಗ 2 ಕಿಲೋ 150 ಗ್ರಾಂ. ಅಖೀಖಾ ಮುಂದಕ್ಕೆ ಹಾಕಿದ್ದೇವೆ. ಬಾಗಿಲಿಗೆ ನಾನೇ ರಟ್ಟಿನ ಮೇಲೆ ಎರಡು ಭಾಷೆಯಲ್ಲಿ ಬರೆದು ಕಟ್ಟಿದ್ದೇನೆ: "ಕೂಸು ನೋಡಲು ಬರಬೇಡಿ, ದಯವಿಟ್ಟು. ದುವಾ ಅಲ್ಲಿಂದಲೇ ಮಾಡಿ." ಹೋದ ಭಾನುವಾರ ರಾಯದುರ್ಗದಿಂದ ಫುಫ್ಫು ಹೊಸ ಬಟ್ಟೆ, ಬೆಳ್ಳಿ ಗೆಜ್ಜೆ ಹಿಡಿದು ಬಂದರು. ರಟ್ಟು ಓದಿದರು. ಹಜಾರದಲ್ಲೇ ಕೂತು ಚಹಾ ಕುಡಿದು, ಗೆಜ್ಜೆಯನ್ನು ಕಿಟಕಿಯ ಮೇಲಿಟ್ಟು ಹೋದರು. ಅಂದಿನಿಂದ ನನ್ನ ಫೋನ್ ಎತ್ತುತ್ತಿಲ್ಲ.